ಹರಿದ ಬಲೆಯ ಗೋಲು

ಎಂಬತ್ತರ ದಶಕದ ಕೊನೆಯಲ್ಲಿ ರಾಯಬಾಗದಲ್ಲಿ ಡ್ರಿಲ್ ಮಾಸ್ತರನಾಗಿದ್ದ ನಾನು ರಜೆಯ ದಿನ ಕಾಲೇಜು ಫುಟ್‌ಬಾಲ್ ಪಂದ್ಯಗಳಿಗೆ ರೆಫ್ರಿಯಾಗಿ ಹೋಗುತ್ತಿದ್ದೆ. ಆಟಗಾರರ ಮೇಲೆ ನಾವು ಕಣ್ಣಿಟ್ಟರೆ, ನಮ್ಮ ಮೇಲೆ ಕಣ್ಣಿಡಲು ಒಬ್ಬ ವೀಕ್ಷಕರು ಇರುತ್ತಿದ್ದರು. ಪಂದ್ಯ ಮುಗಿದ ಮೇಲೆ ಅಂಕ ಹಾಕುವವರು ಅವರೇ. ನಾನಾಗಲೇ ಎರಡು ಸಲ ನಪಾಸಾಗಿದ್ದೆ. ಮೂರನೆಯದೂ ಹೋದರೆ ರೆಫ್ರಿಗಳ ಪಟ್ಟಿಯಿಂದಲೇ ಹೆಸರು ಹೊಡೆದುಹಾಕುತ್ತಿದ್ದರು. ಹೇಳಲು ನಾಚಿಕೆ, ಆ ಸೀಟಿ ನನಗೆ ನೌಕರಿಗಿಂತ ದೊಡ್ಡದಾಗಿತ್ತು.

ಮೂರನೇ ಪರೀಕ್ಷೆ ನಿಪ್ಪಾಣಿಯಲ್ಲಿ, ಆ ಊರಿನ ಕಾಲೇಜಿಗೂ ಅಥಣಿಯ ಕಾಲೇಜಿಗೂ ನಡೆದ ಸೆಮಿಫೈನಲ್. ಆಟಕ್ಕೆ ಮುಂಚೆ ಎರಡೂ ಗೋಲಿನ ಬಲೆಗಳನ್ನು ರೆಫ್ರಿ ಕೈಯಾರೆ ಎಳೆದು ನೋಡಬೇಕು. ಆದರೆ ನಮ್ಮ ಕಡೆ ಸತ್ಕಾರವಿಲ್ಲದೆ ಯಾವ ಕೆಲಸವೂ ಶುರುವಾಗುವುದಿಲ್ಲ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ತಲೆಗೆ ಕೇಸರಿ ಫೇಟಾ ಸುತ್ತತೊಡಗಿದರು. ಸುತ್ತುವವನೋ ಮಹಾ ನಿಧಾನಿ. ಅಂಚು ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಸುತ್ತಿದ. ಕೈಗೆ ತೆಂಗಿನಕಾಯಿ ಬಂತು, ಭಾಷಣವೂ ಆಯಿತು. ನಡುವೆ ಎದ್ದರೆ ಕರೆದವರಿಗೆ ಅವಮಾನ. ಬಿಡಿಸಿಕೊಂಡು ಬಂದಾಗ ಹೊತ್ತಾಗಿತ್ತು. ಒಂದು ಬಲೆ ನೋಡಿದೆ, ಇನ್ನೊಂದನ್ನು ಬಿಟ್ಟೆ.

ಕೊನೆಯ ನಿಮಿಷಗಳವರೆಗೆ ಗೋಲಿಲ್ಲ. ಆಗ ನಿಪ್ಪಾಣಿಯವನೊಬ್ಬ ಬದಿಯಿಂದ ಒದ್ದ ಚೆಂಡು ಬಲೆಯೊಳಗೆ ಕಂಡಿತು. ನಾನು ಗೋಲು ಕೊಟ್ಟೆ.

"ಸರ್, ಚೆಂಡ ಹೊರಗಿಂದ ಬಂದೈತ್ರಿ! ಬಲಿ ಹರದೈತ್ರಿ!" ಎಂದು ಅಥಣಿಯ ಗೋಲ್‌ಕೀಪರ್ ಚೀರಿದ.

ನನಗೆ ಸಿಟ್ಟು ನೆತ್ತಿಗೇರಿತು. ಹಳದಿ ಕಾರ್ಡು ತೋರಿಸಿ ಬಾಯಿ ಮುಚ್ಚಿಸಿದೆ. ಆಟ ಮತ್ತೆ ಶುರುವಾದ ಮೇಲೆ ಆ ಕಡೆ ಓಡಿದಾಗ ಕಂಬದ ಪಕ್ಕದ ಬಲೆಯಲ್ಲಿ ಚೆಂಡು ನುಗ್ಗುವಷ್ಟು ತೂತು ಕಂಡಿತು. ನಾನು ನೋಡದೆ ಬಿಟ್ಟ ಬಲೆಯೇ ಅದು. ಒಮ್ಮೆ ಕೊಟ್ಟ ಗೋಲನ್ನು ಆಟ ಮುಂದುವರಿದ ಮೇಲೆ ಹಿಂದಕ್ಕೆ ಪಡೆಯುವಂತಿಲ್ಲ. ಅದೇ ಗೋಲಿನಿಂದ ಅಥಣಿ ಸೋತಿತು.

ಅಂಕ ಹಾಕುವ ಮುನ್ನ ರೆಫ್ರಿಯೇ ತನ್ನ ತಪ್ಪುಗಳನ್ನು ಬರೆದುಕೊಡಬೇಕೆಂಬುದು ಆ ವೀಕ್ಷಕರ ಪದ್ಧತಿ. "ಮೊದಲ ನೀವ ಬರೀರಿ. ಆಮ್ಯಾಲೆ ನಾ ಬರಕೊಂಡ ಹಾಳಿ ತೋರಸ್ತೀನಿ," ಎಂದರು. ಅವರು ಕೂತಿದ್ದು ಮೈದಾನದ ಇನ್ನೊಂದು ತುದಿಯಲ್ಲಿ. ತೂತು ಅವರಿಗೆ ಕಂಡಿತ್ತೋ ಇಲ್ಲವೋ, ಮುಖ ನೋಡಿ ಹೇಳುವಂತಿರಲಿಲ್ಲ. ಬರೆದರೆ ಸೀಟಿ ಹೋಯಿತು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾನವೂ ಹೋಯಿತು. ಕೊನೆಗೆ ಬರೆದೇ ಬಿಟ್ಟೆ: ಬಲೆ ನೋಡಲಿಲ್ಲ, ಆ ಗೋಲು ಗೋಲಲ್ಲ.

ಅವರು ಎರಡು ಸಲ ಓದಿದರು. "ಇದು ನನಗ ಕಂಡಿದ್ದಿಲ್ಲ ನೋಡ್ರಿ. ಅಂಕ ಕಡಿತೀನಿ. ಆದ್ರ ಖರೇ ಬರದೀರಿ, ಪಾಸ್ ಮಾಡತೀನಿ."

"ಗೋಲ್ರಿ?"

"ರಿಜಲ್ಟ್ ಏನ್ ಬದಲಾಗೂದಿಲ್ರಿ."

ನನಗೆ ಎಷ್ಟು ಹಗುರವಾಯಿತೆಂದರೆ, ಅಥಣಿಯವರ ಟೆಂಪೋ ಹತ್ತಿರ ಓಡಿಹೋಗಿ ಆ ಗೋಲ್‌ಕೀಪರನ ಕೈ ಹಿಡಿದೆ. "ನಂದ ತಪ್ಪಪಾ. ಬರದ ಕೊಟ್ಟ ಬಂದೇನಿ," ಎಂದೆ.

"ನಿಮಗ ಏನ್ ಮಾಡಿದ್ರು ಸರ್?"

"ಖರೇ ಹೇಳಿದ್ದಕ್ಕ ಪಾಸ್ ಮಾಡಿದ್ರು."

ಅವನು ಮೆಲ್ಲಗೆ ಕೈ ಬಿಡಿಸಿಕೊಂಡ. "ನಾನೂ ಖರೇನ ಹೇಳಿದ್ನಲ್ರಿ ಸರ್," ಎಂದು ಟೆಂಪೋ ಹತ್ತಿದ.