ಫೋನಿನಲ್ಲಿ ನೋಡಿದ ಮುಖ

ವಾರ್ಡಿನಲ್ಲಿ ಕಣ್ಣು ಬಿಟ್ಟಾಗ ಶನಿವಾರವೆಂದೇ ಅಂದುಕೊಂಡೆ. ಬೆಳಗಿನ ಶಾಲೆಗೆ ತಡವಾಯಿತೆಂದು ಏಳಲು ಹೋದೆ. ತಲೆ ಗಿರ್ರೆಂದಿತು.

ಅಂದು ಸೋಮವಾರ.

ನಡೆದದ್ದನ್ನು ನನ್ನ ಗಂಡ ಹೇಳಿದರು. ನಾನು ಸ್ಕೂಟಿಯಲ್ಲಿ ಹಂಪಸಾಗರದ ಶಾಲೆಗೆ ಹೊರಟಿದ್ದಾಗ ಬೈಕಿನಲ್ಲಿ ಬಂದವನೊಬ್ಬ ತಾಳಿಸರ ಕಿತ್ತುಕೊಂಡು ಹೋಗಿದ್ದ. ಬಿದ್ದ ರಭಸಕ್ಕೆ ತಲೆ ಕಲ್ಲಿಗೆ ಬಡಿದಿತ್ತು. ಸ್ಕ್ಯಾನಿಂಗ್‌ನಲ್ಲಿ ಸಣ್ಣ ಕ್ಲಾಟ್ ಕಂಡಿತ್ತು, ಆಪರೇಷನ್ ಬೇಕಾಗಲಿಲ್ಲ. ಬರಿಗೊರಳಿಗೆ ಅತ್ತೆ ಆಗಲೇ ಅರಿಶಿನದ ಕೊಂಬು ಕಟ್ಟಿದ್ದರು.

ಮನೆಗೆ ಬಂದ ಮೇಲೆ ತಲೆನೋವಿಗಿಂತ ಮರೆವು ಕಾಡಿತು. ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದೆ. ವರ್ಷಗಟ್ಟಲೆ ಹಾಜರಿ ಕೂಗಿದವಳಿಗೆ ಪಕ್ಕದ ಮನೆಯವಳ ಹೆಸರೇ ಬಾಯಿಗೆ ಬರುತ್ತಿರಲಿಲ್ಲ. ಹೆದರಿಬಿಟ್ಟಿದ್ದೆ.

ಮೂರನೇ ವಾರ ಹೆಡ್ ಕಾನ್‌ಸ್ಟೇಬಲ್ ಮನೆಗೆ ಬಂದು ಫೋನಿನಲ್ಲಿ ಒಂದು ಫೋಟೋ ತೋರಿಸಿದ.

"ಇವನ ಅಲ್ಲೇನ್ರಿ ಟೀಚರ್? ಸಿಕ್ಕಾನ. ಜೈಲಿನ್ಯಾಗ ಗುರುತು ಹಿಡಿಯೋ ಪರೇಡ್ ಐತಿ, ಸಾಲಾಗಿ ನಿಂದ್ರಿಸಿರ್ತಾರ. ಬೆರಳು ತೋರಿಸಿ ಬರ್ರಿ, ಮುಗೀತು."

ನಾನು ಗಾಬರಿಯಾಗದಿರಲಿ ಎಂದೇ ತೋರಿಸಿದ್ದ, ಪಾಪ. ಅಂದಿನಿಂದ ನನ್ನ ತಲೆಯೊಳಗಿನ ಬೈಕಿನ ಮೇಲೆ ಅದೇ ಮುಖ, ದಪ್ಪ ಹುಬ್ಬಿನ ಸಮೇತ. ಇದು ನಿಜವಾದ ನೆನಪೇ ಎಂದು ಡಾಕ್ಟರನ್ನು ಕೇಳಿದೆ.

"ಬಿದ್ದ ಹೊತ್ತಿನ ನೆನಪು ಬರಲಿಕ್ಕಿಲ್ಲ ಮೇಡಂ. ಮಿದುಳು ಖಾಲಿ ಜಾಗಾನ ತಾನೇ ತುಂಬಿಕೊಳ್ಳುತ್ತೆ" ಎಂದರು.

ಪರೇಡಿನ ದಿನ ಎಂಟು ಮಂದಿ ಸಾಲಾಗಿ ನಿಂತಿದ್ದರು. ಐದನೆಯವನು ಫೋಟೋದವನು. ನೆಲ ನೋಡುತ್ತಿದ್ದ. ನನಗೆ ಸಿಟ್ಟಿತ್ತು, ತಾಳಿ ಸಿಕ್ಕೀತೆಂಬ ಆಸೆಯೂ ಇತ್ತು. ಬೆರಳೆತ್ತಿದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಆದರೆ ಅವನನ್ನು ರಸ್ತೆಯಲ್ಲಿ ಕಂಡಿದ್ದೆನೇ? ಎಷ್ಟು ತಡಕಾಡಿದರೂ ಫೋನೇ ಕಾಣುತ್ತಿತ್ತು.

ಪರೇಡ್ ನಡೆಸುತ್ತಿದ್ದ ತಹಶೀಲ್ದಾರರಿಗೆ ಹೇಳಿದೆ: "ಐದನೆಯವನ್ನ ಪೊಲೀಸರ ಫೋನಿನ್ಯಾಗ ನೋಡೀನ್ರಿ. ದಾರ್ಯಾಗ ನೋಡಿದ್ದು ನೆನಪಿಲ್ರಿ."

ಅವರ ಪೆನ್ನು ನಿಂತಿತು. ಆಮೇಲೆ ಹೇಳಿದ ಹಾಗೇ ಬರೆದುಕೊಂಡರು.

ಹೊರಗೆ ಹೆಡ್ ಕಾನ್‌ಸ್ಟೇಬಲ್ ಮುಖ ತಿರುಗಿಸಿದ. ಪರೇಡಿಗೆ ಮೊದಲೇ ಫೋಟೋ ತೋರಿಸಿದ್ದಕ್ಕೆ ಅವನಿಗೆ ಮೇಲಿನವರ ಬೈಗುಳ ಕಾದಿತ್ತು, ನನಗೂ ಕೆಡುಕೆನಿಸಿತು. ಹಗರಿಬೊಮ್ಮನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಗಂಡ ಕೇಳಿದರು.

"ತಾಳಿ ಕಿತ್ತಾಂವ ಅವನ ಇದ್ರ?"

"ಇದ್ರೂ ಇರಬಹುದ್ರಿ."

"ಮತ್ತ ಯಾಕ ಬಿಟ್ಟಿ?"

"ಅವ ಅಲ್ಲದಿದ್ರ?"

ಅವರು ಲೋಟವನ್ನು ನನ್ನ ಹತ್ತಿರ ಸರಿಸಿದರು. "ಚಾ ಆರತೈತಿ, ಕುಡಿ" ಎಂದರು.

ಈಗ ಶಾಲೆಗೆ ಹೋಗುತ್ತಿದ್ದೇನೆ. ಮಾತ್ರೆ ನಿಂತಿಲ್ಲ, ಮರೆವು ಪೂರ್ತಿ ಹೋಗಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವಷ್ಟು ತಲೆ ಉಳಿದಿದೆಯಲ್ಲ, ನನಗೆ ಅಷ್ಟು ಸಾಕು.