ಡಬ್ಬಿಗೆ ದೀಕ್ಷೆ

ಉದಗೀರದ ಶೇವಂತಾಬಾಯಿ ಕೊರಳಲ್ಲಿ ಲಿಂಗವಿಲ್ಲದವರ ಕೈಯಿಂದ ಒಂದು ಗುಟುಕು ನೀರು ಕುಡಿದವಳಲ್ಲ. ಮಗಳ ಮದುವೆಗೆ ನಿಲಂಗಾಕ್ಕೆ ಹೋದಾಗಲೂ ಬುತ್ತಿ ಕಟ್ಟಿಕೊಂಡೇ ಹೋಗಿದ್ದಳು. ಬೀಗರೇನೋ ಲಿಂಗವಂತರೇ, ಆದರೆ ಅಡುಗೆಯವನ ಕೊರಳು ನೋಡಿದವರು ಯಾರು? ಇಂಥವಳ ಮನೆಗೆ ಹಾಲಿನ ಪುಡಿಯ ಡಬ್ಬಿ ಬಂತು.

ಬಾಣಂತನಕ್ಕೆ ಬಂದ ಮಗಳು ಮೀನಲಳಿಗೆ ಎದೆಹಾಲು ಸಾಲುತ್ತಿರಲಿಲ್ಲ. ಆರು ದಿನದ ಕೂಸು ಹುಟ್ಟಿದಾಗಿನ ತೂಕದಲ್ಲಿ ಮುನ್ನೂರು ಗ್ರಾಂ ಕಳೆದುಕೊಂಡಿತ್ತು.

"ಪ್ರತಿ ಸಲ ಮೊದಲ ಎದಿಗಿ ಹಾಕ್ರಿ. ಆಮ್ಯಾಲ ಈ ಪುಡಿ ಹಾಲು ಚಮಚಾದಲೆ ಕುಡಸ್ರಿ. ಎದಿ ಮಾತ್ರ ಬಿಡಸಬ್ಯಾಡ್ರಿ," ಎಂದರು ಡಾಕ್ಟರ್ ವಿಜಯಶ್ರೀ.

ಶೇವಂತಾಬಾಯಿ ಕೇಳಿದ್ದು ಒಂದೇ ಮಾತು: "ಈ ಪುಡಿ ಮಾಡಿದಾತನ ಕೊಳ್ಳಾಗ ಲಿಂಗ ಅದೇನ್ರಿ?"

"ಅಮ್ಮಾ, ಅದನ್ನ ಮಷಿನ್ ಮಾಡ್ತದ."

"ಮಷಿನಿಗಿ ಅದೇನ್ರಿ?"

ಡಾಕ್ಟರು ಮುಂದಿನ ಪೇಶಂಟನ್ನು ಕರೆದರು.

ಕೊನೆಗೆ ಮನೆತನದ ಅಯ್ಯನವರನ್ನು ಕರೆಸಿದ್ದಾಯಿತು. ಅವರು ಈ ಮನೆಯ ಕೂಸುಗಳಿಗೆಲ್ಲ ಲಿಂಗ ಕಟ್ಟಿದವರು, ತಗಡಿನ ಡಬ್ಬಿಗೆ ಕಟ್ಟಿದವರಲ್ಲ. ಆದರೆ ಒಳಗೆ ಕೂಸು ಕಿರುಚುತ್ತಿತ್ತು. ಶಾಸ್ತ್ರ ಹುಡುಕುತ್ತ ಕೂಡುವ ಹೊತ್ತಲ್ಲ. ಡಬ್ಬಿಗೆ ಮೂರೆಳೆ ವಿಭೂತಿ ಬಳಿದು, ಶಿವದಾರ ಸುತ್ತಿ, ಅದರ ಕಿವಿ ಯಾವ ಕಡೆಗಿದೆಯೋ ತಿಳಿಯದೆ ಮುಚ್ಚಳದ ಹತ್ತಿರ ಬಾಗಿ ಮಂತ್ರ ಹೇಳಿದರು.

"ದೀಕ್ಷಾ ಆತು. ಲಗ್ನ ಯಾವಾಗ್ರಿ ಅಯ್ಯನವ್ರ?" ಎಂದ ಶೇವಂತಾಬಾಯಿಯ ಗಂಡ ಮನ್ಮಥಪ್ಪ. ಹೆಂಡತಿಯ ಕಣ್ಣು ನೋಡಿ ಅಂಗಳಕ್ಕೆ ಎದ್ದುಹೋದ.

ದೀಕ್ಷೆಯಾದ ಡಬ್ಬಿ ಅಡುಗೆಮನೆಯಲ್ಲಿ ಕೂಡುತ್ತದೆಯೇ? ದೇವರ ಜಗಲಿ ಏರಿತು. ಜಗಲಿ ಮುಟ್ಟಬೇಕಾದರೆ ಸ್ನಾನ ಆಗಬೇಕು. ಕೂಸಿಗೆ ದಿನಕ್ಕೆ ಎಂಟು ಸಲ ಹಾಲು ಬೇಕು. ಹೀಗಾಗಿ ಶೇವಂತಾಬಾಯಿ ದಿನಕ್ಕೆ ಎಂಟು ಸ್ನಾನ ಹಿಡಿದಳು. ಅವಳ ಕೂದಲು ಒಣಗಲಿಲ್ಲ, ಮೂಗು ಸೋರುವುದು ನಿಲ್ಲಲಿಲ್ಲ, ಆದರೆ ಕೂಸಿನ ಕೆನ್ನೆ ತುಂಬತೊಡಗಿತು. ಓಣಿಗೆ ನಳದ ನೀರು ಬರುವುದು ಎಂಟು ದಿನಕ್ಕೊಮ್ಮೆ ಎಂಬುದನ್ನು ಮಾತ್ರ ಯಾರೂ ನೆನೆಯಲಿಲ್ಲ.

ಐದನೆಯ ದಿನ ಮಧ್ಯಾಹ್ನ ನೀರಿನ ಟಾಕಿ ಖಾಲಿ. ಶೇವಂತಾಬಾಯಿ ಓಣಿಯೆಲ್ಲ ಕೇಳಿ ಬಂದಳು. ಯಾರ ಮನೆಯಲ್ಲೂ ಕೊಡುವಷ್ಟು ನೀರಿರಲಿಲ್ಲ. ಉಳಿದದ್ದು ಕೂಸಿಗೆಂದು ಕಾಯಿಸಿಟ್ಟ ಒಂದೇ ತಂಬಿಗೆ ನೀರು. ಮೀನಲ ಎರಡೂ ಎದೆಗೆ ಹಾಕಿದ್ದಳು, ಆದರೂ ಕೂಸು ಅಳುತ್ತಲೇ ಇತ್ತು.

"ಅವ್ವಾ, ಹಾಲ ಮೊದಲಕಿಂತ ಹೆಚ್ಚಾಗ್ಯಾವ, ಆದ್ರ ಇನ್ನಾ ಸಾಲವಲ್ವು. ಲಗೂ ಮಾಡ," ಎಂದು ಮೀನಲಳೂ ಅಳತೊಡಗಿದಳು.

ಶೇವಂತಾಬಾಯಿ ತಂಬಿಗೆಯನ್ನು ತಲೆಯ ಮೇಲೆತ್ತಿದಳು. ಸುರುವಿಕೊಂಡರೆ ಮಡಿ ಉಳಿಯುತ್ತದೆ, ಹಾಲು ಕಲಸಲು ನೀರು ಉಳಿಯುವುದಿಲ್ಲ. ಅಷ್ಟರಲ್ಲಿ ಅಳು ಗಕ್ಕನೆ ನಿಂತಿತು. ಕೂಸು ದಣಿದು ಸುಮ್ಮನಾಗಿತ್ತು.

ತಂಬಿಗೆ ಇಳಿಸಿದಳು. ನಾಲ್ಕು ಹನಿಯಲ್ಲಿ ಕೈ ತೊಳೆದು, ಓಣಿಯ ಧೂಳು ಮೆತ್ತಿದ ಕಾಲಲ್ಲೇ ಹೋಗಿ ಜಗಲಿಯ ಡಬ್ಬಿ ತೆಗೆದಳು, ಹಾಲು ಕಲಸಿದಳು. ಮೊದಲ ಚಮಚಕ್ಕೇ ಕೂಸು ಕಣ್ಣು ತೆರೆಯಿತು.

ಶೇವಂತಾಬಾಯಿ ತನ್ನ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡಳು.

"ಶಿವಾ, ನೀ ಮೈಲಿಗಿ ತಡಕೋತಿ. ಈ ಕೂಸು ಹಸಿವಿ ತಡಕೊಳ್ಳಂಗಿಲ್ಲ."