ಅವ್ವನ ಕೈಯ ಖಾರ

೧೯೮೬ನೇ ಇಸವಿ ಇರಬೇಕು. ಇಸವಿ ತಪ್ಪಿದ್ದರೂ ತಪ್ಪಿರಬಹುದು. ನಾನು ನಾಲ್ಕನೇ ತರಗತಿಯಲ್ಲಿದ್ದೆ ಎನ್ನುವುದಂತೂ ನಿಜ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಹಾವೇರಿಯ ಒಂದು ಮಕ್ಕಳ ಆಶ್ರಮದಲ್ಲಿ ಬಿಟ್ಟಿದ್ದಳು. ತಾನು ಬ್ಯಾಡಗಿಯಲ್ಲಿ ತನ್ನ ಅಣ್ಣನ ಮನೆಯಲ್ಲಿದ್ದುಕೊಂಡು, ವ್ಯಾಪಾರಿಯೊಬ್ಬರ ಅಂಗಳದಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು.

ಮನೆಯವರು ನಮ್ಮನ್ನು ನೋಡಲು ಬರಬಹುದಾಗಿದ್ದದ್ದು ಭಾನುವಾರ ಮಾತ್ರ. ಬೆಳಿಗ್ಗೆ ಉಪ್ಪಿಟ್ಟು ತಿಂದು, ಅಂಗಿ ಒಗೆದು ಬೇಲಿಗೆ ಹಾಕಿ, ಹುಡುಗರೆಲ್ಲ ಗೇಟಿನ ಕಡೆ ಮುಖ ಮಾಡಿ ಕೂರುತ್ತಿದ್ದೆವು. ರಾಣೆಬೆನ್ನೂರಿನ ಮಕಬೂಲನನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಆದರೂ ಎಲ್ಲರಿಗಿಂತ ಮುಂದೆ ಕೂರುತ್ತಿದ್ದವನು ಅವನೇ. "ನಿಮ್ಮವ್ವ ಬಂದ್ಲಲೇ, ಉಂಡಿ ಬಂದ್ವು!" ಎಂದು ಮೊದಲು ಕೂಗುತ್ತಿದ್ದವನೂ ಅವನೇ. ಅವ್ವ ತರುವ ಶೇಂಗಾ ಉಂಡಿಯಲ್ಲಿ ಅರ್ಧ ಅವನ ಪಾಲು.

ಹೊರಡುವಾಗ ಅವ್ವ ಎರಡೂ ಕೈಗಳಿಂದ ನನ್ನ ಮುಖವನ್ನು ಹಣೆಯಿಂದ ಗದ್ದದವರೆಗೆ ಸವರಿ, ಬೆರಳುಗಳನ್ನು ತನ್ನ ತಲೆಯ ಎರಡೂ ಬದಿಗೆ ಒತ್ತಿ ಲಟಲಟ ಲಟಿಕೆ ಮುರಿಯುತ್ತಿದ್ದಳು. ಮಗನಿಗೆ ದೃಷ್ಟಿ ತಾಗಬಾರದೆಂದು. ಅವಳು ಗೇಟು ದಾಟುವಷ್ಟರಲ್ಲಿ ನನ್ನ ಕಣ್ಣು ಉರಿಯಲು ಶುರು. ನೀರು ಧಾರಾಕಾರ ಸುರಿಯುತ್ತಿತ್ತು. ಪ್ರತಿ ಸಲ ಹೀಗೇ.

ಆಶ್ರಮದ ಮೇಲ್ವಿಚಾರಕರನ್ನು ನಾವು ದೊಡ್ಡ ಸರ್ ಎನ್ನುತ್ತಿದ್ದೆವು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಅವರನ್ನು ಬೈದು ಹಗುರಾಗಬಹುದಿತ್ತು. ಒಂದು ಭಾನುವಾರ ಅವರು ನನ್ನ ತೋಳು ಹಿಡಿದು ನಿಲ್ಲಿಸಿಕೊಂಡು, ಗೇಟಿನಾಚೆ ಹೋಗಿದ್ದ ಅವ್ವನನ್ನು ವಾಪಸ್ ಕರೆದರು.

"ನೋಡವಾ, ನೀ ಬಂದಾಗೊಮ್ಮೆ ಹುಡುಗ ಹಿಂಗ ಅಳ್ತಾನ. ಆಮ್ಯಾಲೆ ಅಭ್ಯಾಸದಾಗ ಮನಸ್ಸ ಇರಂಗಿಲ್ಲ."

"ಅಳಾಕತ್ತಿಲ್ರಿ ಸರ್, ಖಾರ ರೀ. ಅವ್ವನ ಕೈಯಾಗ ಖಾರ ಐತ್ರಿ," ಎಂದೆ.

ಅವರು ನಕ್ಕರು. "ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕಷ್ಟ ಹೆಸರಲೇ. ಅದರಾಗ ಖಾರ ಎಲ್ಲೈತಿ?" ಆಮೇಲೆ ಅವ್ವನಿಗೆ, "ಇನ್ನ ಮ್ಯಾಲೆ ಉಗಾದಿಗೊಮ್ಮೆ, ದೀಪಾವಳಿಗೊಮ್ಮೆ ಬಂದ್ರ ಸಾಕು. ಹುಡುಗ ಗಟ್ಟಿ ಆಗ್ತಾನ."

ಅವ್ವ ನನ್ನನ್ನೊಮ್ಮೆ, ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. "ಆತ್ರಿ ಸರ. ಓದಿದವ್ರು ನೀವು ಹೇಳಿದ ಮ್ಯಾಲೆ..." ಎಂದು ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

ಮುಂದಿನ ಭಾನುವಾರವೂ ನಾನು ಗೇಟಿಗೆ ಮುಖ ಮಾಡಿ ಕೂತೆ. ಮಧ್ಯಾಹ್ನದ ಊಟದ ಗಂಟೆಯಾದಾಗ ಮಕಬೂಲ ಹೆಗಲ ಮೇಲೆ ಕೈ ಹಾಕಿ, "ಏಳಲೇ, ಇನ್ನ ನೀನೂ ನಮ್ಮ ಪಾರ್ಟಿ," ಎಂದ.

ನಾನು ಗಟ್ಟಿಯಾದೆ. ಎಷ್ಟೆಂದರೆ, ಹಬ್ಬಕ್ಕೆ ಬಂದ ಅವ್ವನ ಜೊತೆ ಏನು ಮಾತಾಡಬೇಕೆಂದು ತಿಳಿಯದೆ, ಅವಳು ಯಾವಾಗ ಹೊರಡುತ್ತಾಳೋ ಎಂದು ಕಾಯುವಷ್ಟು.

ತೊಂಬತ್ತರ ದಶಕದ ಕೊನೆಗೆ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಯಾವುದನ್ನೂ ಆಧಾರವಿಲ್ಲದೆ ನಂಬಬಾರದೆಂದು ಕಲಿತಿದ್ದ ಕಾಲ. ಬ್ಯಾಡಗಿಗೆ ಹೋದಾಗ ಒಂದು ದಿನ, ಆಶ್ರಮಕ್ಕೆ ಬರುವಾಗ ಅವಳ ಕೈಯಲ್ಲಿ ಖಾರ ಇರುತ್ತಿತ್ತೇ ಎಂದು ಅವ್ವನನ್ನೇ ಕೇಳಿದೆ.

"ಖಾರ ಎಲ್ಲಿಂದ ಬರಬೇಕೋ? ಹುಣಸಿಹಣ್ಣ ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳಕೊಂಡು ಬರ್ತಿದ್ನಿ. ನೀ ಖರೇನ ಅಳ್ತಿದ್ದಿ ಯಪ್ಪಾ."

"ಮತ್ತ ಬರೂದ ಯಾಕ ಬಿಟ್ಟಿ?"

"ಅದಕ್ಕ ಬಿಟ್ಟೆ. ನನ್ನ ಕಂಡ್ರ ಅಳ್ತೀಯಂದ್ರ ನಾ ಹೆಂಗ ಬರ್ಲಿ?"

ಅಂದಿನಿಂದ ನನ್ನ ನೆನಪನ್ನು ನಾನೇ ನಂಬಲಾರದವನಾಗಿದ್ದೇನೆ. ಅಳುಬುರುಕ ಎನ್ನಿಸಿಕೊಳ್ಳಬಾರದೆಂದು ಖಾರದ ಕಥೆಯನ್ನು ನಾನೇ ಆಮೇಲೆ ಕಟ್ಟಿಕೊಂಡೆನೇ? ದೊಡ್ಡ ಸರ್ ಮುಂದೆ ನಿಜವಾಗಿ ಬಾಯಿ ಬಿಟ್ಟಿದ್ದೆನೇ? ಖಾರವೇ ಆಗಿದ್ದರೆ ಅವ್ವ ನನಗೆ ಸುಮ್ಮನೆ ತಪ್ಪಿಹೋದಳು. ಅಳುವೇ ಆಗಿದ್ದರೆ, ಅವ್ವ ಬೇಕೆಂದು ಅತ್ತ ಹುಡುಗನಿಗೆ ಅವ್ವನನ್ನೇ ತಪ್ಪಿಸಿದರು. ಯಾವುದನ್ನು ನಂಬಿದರೂ ನನಗೆ ಸಿಟ್ಟು ಇಳಿಯುವುದಿಲ್ಲ.

ಆ ದಿನ ಅವಳು ಬಸ್ ನಿಲ್ದಾಣದವರೆಗೆ ಬಂದಳು. ಬಸ್ ಹತ್ತುವ ಮೊದಲು ನಾನು ತಲೆ ಬಗ್ಗಿಸಿ ನಿಂತೆ. ಅವಳು ನನ್ನ ಮುಖದ ಹತ್ತಿರ ಎರಡೂ ಕೈ ತಂದಳು. ಮುಟ್ಟಲಿಲ್ಲ. ಕೈಗಳನ್ನು ಹಿಂದಕ್ಕೆಳೆದು, ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು.

ಮೆಣಸಿನಕಾಯಿಯ ಕೆಲಸ ಬಿಟ್ಟು ಆಗಲೇ ಅವಳಿಗೆ ಎಷ್ಟೋ ವರ್ಷಗಳಾಗಿದ್ದವು.